ಅಂಕಿಗಳ ಕೊರಳಹಾರ: ಮಹಾವೀರಾಚಾರ್ಯನ ಒಂದು ಮಹಾಸಂಖ್ಯೆಯ ಇತಿಹಾಸ

ಕನ್ನಡಿಗರ ಪೂರ್ವವೈಭವವನ್ನು ಸ್ಮರಿಸುವಾಗ ನಾವು ಸಾಮಾನ್ಯವಾಗಿ ಅರಸರ ದಿಗ್ವಿಜಯಗಳನ್ನೂ, ಕವಿಗಳ ಕಾವ್ಯಗಳನ್ನೂ, ಶಿಲ್ಪಿಗಳ ದೇವಾಲಯಗಳನ್ನೂ ಎಣಿಸುತ್ತೇವೆ. ಇವೆಲ್ಲವೂ ಸ್ಮರಣೀಯವಾದವುಗಳೇ ಸರಿ. ಆದರೆ ಎಣಿಕೆಯೆಂಬ ವಿದ್ಯೆಯಲ್ಲಿಯೇ ನಮ್ಮ ನಾಡು ಸಾಧಿಸಿದ್ದೇನು ಎಂದು ಕೇಳುವವರು ವಿರಳ. ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಅರಸನ ಕಥೆಯನ್ನಾಗಲಿ ಕವಿಯ ಕಥೆಯನ್ನಾಗಲಿ ಹೇಳದೆ, ಒಂದು ಸಂಖ್ಯೆಯ ಕಥೆಯನ್ನು ವಾಚಕರ ಮುಂದಿಡಬಯಸುತ್ತೇವೆ. ಆ ಸಂಖ್ಯೆ ಇದು:

೧೨೩೪೫೬೫೪೩೨೧

ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಒಂದರಿಂದ ಆರರವರೆಗೆ ಮೆಟ್ಟಿಲುಮೆಟ್ಟಿಲಾಗಿ ಏರಿ, ಅದೇ ಮೆಟ್ಟಿಲುಗಳಲ್ಲಿ ಇಳಿದು ಬರುವ ಈ ಸಂಖ್ಯೆಯನ್ನು ಸುಮಾರು ಸಾವಿರದ ನೂರೆಪ್ಪತ್ತು ವರ್ಷಗಳ ಹಿಂದೆ ಕನ್ನಡ ನಾಡಿನ ಅರಸನ ಆಶ್ರಯಕಾಲದಲ್ಲಿ ಒಬ್ಬ ಗಣಿತಜ್ಞನು ಗ್ರಂಥಸ್ಥಗೊಳಿಸಿದನು. ಆತನೇ ಮಹಾವೀರಾಚಾರ್ಯ, ಗ್ರಂಥವು 'ಗಣಿತಸಾರಸಂಗ್ರಹ'.

ಮಹಾವೀರಾಚಾರ್ಯನು ದಿಗಂಬರ ಜೈನ ಸಂಪ್ರದಾಯಕ್ಕೆ ಸೇರಿದವನು. ಗ್ರಂಥದ ಆರಂಭದಲ್ಲಿ ಅಮೋಘವರ್ಷ ನೃಪತುಂಗನನ್ನು ಆತನು ಕೊಂಡಾಡಿದ್ದಾನೆ. ಮಾನ್ಯಖೇಟವನ್ನು, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಕ್ರಿ. ಶ. ೮೧೪ರಿಂದ ೮೭೮ರವರೆಗೆ ಆಳಿದ ಈ ರಾಷ್ಟ್ರಕೂಟ ಚಕ್ರವರ್ತಿಯ ಆಸ್ಥಾನದಲ್ಲಿಯೇ ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥವಾದ 'ಕವಿರಾಜಮಾರ್ಗ' ಹುಟ್ಟಿತು. ಕ್ರಿ. ಶ. ೮೫೦ರ ಸುಮಾರಿನಲ್ಲಿ 'ಗಣಿತಸಾರಸಂಗ್ರಹ'ವೂ ರಚಿತವಾಯಿತು. ಕನ್ನಡ ನುಡಿಯ ಲಕ್ಷಣವನ್ನು ನಿರ್ಣಯಿಸಿದ ಗ್ರಂಥವೂ, ಗಣಿತವನ್ನೇ ಪ್ರತ್ಯೇಕ ವಿಷಯವನ್ನಾಗಿ ಎತ್ತಿಕೊಂಡು ಬೋಧಿಸಿದ ಗ್ರಂಥವೂ ಒಬ್ಬನೇ ಅರಸನ ಕಾಲದವು ಎಂಬುದು ಯೋಚಿಸತಕ್ಕ ಸಂಗತಿ.

ಆ ಕಾಲದಲ್ಲಿ ನಮ್ಮ ಸೀಮೆಯ ಸ್ಥಿತಿ ಹೇಗಿದ್ದಿತು ಎಂದು ವಾಚಕರು ಕೇಳಬಹುದು. 'ಕವಿರಾಜಮಾರ್ಗ'ವು ಕನ್ನಡ ನಾಡಿಗೆ ದಕ್ಷಿಣದ ಎಲ್ಲೆಯಾಗಿ ಗುರುತಿಸಿದ ಕಾವೇರಿಯು ನೆರೆಯ ಧರ್ಮಪುರಿ ಜಿಲ್ಲೆಯ ಹೊಗೆನಕಲ್ಲಿನಲ್ಲಿ ಧುಮುಕುತ್ತದೆ. ಹೊಸೂರು ಆ ನದಿಯ ಉತ್ತರಕ್ಕಿದೆ. ಈ ಭಾಗಗಳಲ್ಲಿ ಗಂಗರೂ ನೊಳಂಬರೂ ಆಳುತ್ತಿದ್ದರು. ಅಮೋಘವರ್ಷನು ತನ್ನ ಮಗಳಾದ ಚಂದ್ರೋಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ಹಳೆಯ ವೈರವನ್ನು ಬಾಂಧವ್ಯವನ್ನಾಗಿ ಮಾರ್ಪಡಿಸಿದನು. ತಗಡೂರೆಂದು ಹೆಸರಾಗಿದ್ದ ಧರ್ಮಪುರಿಯಲ್ಲಿ ಒಂಬತ್ತನೆಯ ಶತಮಾನದ ನೊಳಂಬರ ಕನ್ನಡ ಶಾಸನಗಳು ದೊರೆತಿವೆ. ಅಲ್ಲಿ ಜೈನ ಬಸದಿಯಿದ್ದುದನ್ನೂ ಅವು ತಿಳಿಸುತ್ತವೆ. ಬಸದಿಯೆಂದರೆ ಪೂಜೆಯ ಸ್ಥಳ ಮಾತ್ರವಲ್ಲ, ಅದು ಓದು ಬರಹಗಳ ನೆಲೆಯೂ ಆಗಿತ್ತು. ಆದುದರಿಂದ ಮಹಾವೀರಾಚಾರ್ಯನ ವಿದ್ಯೆಯನ್ನು ಯಾವುದೋ ದೂರದೇಶದ ಸಂಗತಿಯೆಂದು ನಾವು ಭಾವಿಸಬೇಕಾಗಿಲ್ಲ.

ಗ್ರಂಥದಲ್ಲಿ ಒಂಬತ್ತು ಅಧ್ಯಾಯಗಳೂ ಸಾವಿರದ ನೂರಕ್ಕೂ ಮಿಕ್ಕ ಶ್ಲೋಕಗಳೂ ಇವೆ. ಗುಣಾಕಾರ, ಭಾಗಾಕಾರ, ವರ್ಗ, ಘನ, ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಕ್ಷೇತ್ರಫಲ, ಹೊಂಡಗಳ ಅಗೆತ, ನೆರಳಿನ ಲೆಕ್ಕ ಇವೆಲ್ಲವೂ ಅಲ್ಲಿ ವಿಷಯಗಳು. ಸಂಗೀತ, ವೈದ್ಯ, ಅಡಿಗೆ, ಮನೆ ಕಟ್ಟುವಿಕೆ, ಛಂದಸ್ಸು, ವ್ಯಾಕರಣ ಮುಂತಾದ ಎಲ್ಲ ವಿದ್ಯೆಗಳಿಗೂ ಗಣಿತವು ಬೇಕೆಂದು ಗ್ರಂಥಕಾರನು ಪೀಠಿಕೆಯಲ್ಲಿಯೇ ಸಾರುತ್ತಾನೆ. ಹಲವು ವಸ್ತುಗಳಿಂದ ಕೆಲವನ್ನು ಆರಿಸಿಕೊಳ್ಳಲು ಎಷ್ಟು ಬಗೆಗಳುಂಟೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟವನು ಆತನು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಕಂಡುಕೊಂಡವನೂ ಆತನೇ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆ ನಿಲ್ಲುತ್ತದೆ ಎಂದು ಆತನು ಹೇಳಿದ ಮಾತು ಮಾತ್ರ ಸರಿಯಲ್ಲ. ದೊಡ್ಡವರ ತಪ್ಪನ್ನು ತಪ್ಪೆಂದು ಹೇಳುವುದೂ ಅವರಿಗೆ ಸಲ್ಲಿಸುವ ಗೌರವವೇ.

ದೊಡ್ಡ ಸಂಖ್ಯೆಗಳನ್ನು ಹೇಳಬೇಕಾದರೆ ಮೊದಲು ಅವುಗಳಿಗೆ ಹೆಸರಿರಬೇಕು. ಮಹಾವೀರಾಚಾರ್ಯನು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಏಕ, ದಶ, ಶತ, ಸಹಸ್ರಗಳಿಂದ ಹೊರಟು ಲಕ್ಷ, ಕೋಟಿಗಳನ್ನು ದಾಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭದವರೆಗೆ ಆ ಸಾಲು ನಡೆಯುತ್ತದೆ. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆಗಳನ್ನಿಟ್ಟರೆ ಮಹಾಕ್ಷೋಭ. ನಮ್ಮ ಸಂಖ್ಯೆಯಲ್ಲಿರುವುದು ಹನ್ನೊಂದು ಅಂಕಿಗಳು. ಅದರ ಎಡತುದಿಯ ಒಂದು ಅರ್ಬುದಸ್ಥಾನದಲ್ಲಿದೆ.

ಅಂಕಿಗಳನ್ನು ಪದ್ಯದಲ್ಲಿ ಹೇಳಲು ಹಿಂದಿನವರು ಅಂಕಿಯ ಬದಲು ವಸ್ತುಗಳ ಹೆಸರನ್ನು ಬಳಸುತ್ತಿದ್ದರು. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಸಮುದ್ರವೆಂದರೆ ನಾಲ್ಕು, ಬಾಣವೆಂದರೆ ಐದು, ಋತುವೆಂದರೆ ಆರು, ಆಕಾಶವೆಂದರೆ ಸೊನ್ನೆ. ಜೈನನಾದ ಮಹಾವೀರಾಚಾರ್ಯನಿಗೆ ರತ್ನವೆಂದರೆ ಮೂರು, ಏಕೆಂದರೆ ಆ ಮತದಲ್ಲಿ ರತ್ನಗಳು ಮೂರೇ. ಈ ಪದ್ಧತಿಯಲ್ಲಿ ಬಿಡಿಸ್ಥಾನದಿಂದ ಮೊದಲುಮಾಡಿ ಬಲದಿಂದ ಎಡಕ್ಕೆ ಅಂಕಿಗಳನ್ನು ಇಡುತ್ತ ಹೋಗಬೇಕು. ಆದರೆ ನಮ್ಮ ಸಂಖ್ಯೆಯನ್ನು ಹೇಳಲು ಇಷ್ಟು ಶ್ರಮವೂ ಬೇಕಾಗಲಿಲ್ಲ. ಒಂದು ಮೊದಲಾಗಿ ಆರರವರೆಗೆ ಬೆಳೆದು ಮತ್ತೆ ಅದೇ ಕ್ರಮದಲ್ಲಿ ಕುಗ್ಗುವುದು ಎಂಬರ್ಥದ ಮಾತಿನಿಂದಲೇ ಆಚಾರ್ಯನು ಅದನ್ನು ಸೂಚಿಸಿಬಿಟ್ಟನು. ಯಾವ ಕಡೆಯಿಂದ ಬರೆದರೂ ಅದು ತಪ್ಪುವಂತಿಲ್ಲ!

ಗುಣಾಕಾರವನ್ನು ಬೋಧಿಸುವಾಗ ಆಚಾರ್ಯನು ಇಂತಹ ಉದಾಹರಣೆಗಳ ಒಂದು ಮಾಲೆಯನ್ನೇ ಪೋಣಿಸಿದ್ದಾನೆ. ಅವುಗಳ ಉತ್ತರಗಳನ್ನು ಕಂಠಿಕೆ, ಅಂದರೆ ಕೊರಳಹಾರ ಎಂದು ಕರೆದಿದ್ದಾನೆ. ಅರಸನ ಕೊರಳಿಗೆ ತಕ್ಕ ಆಭರಣವೆಂದೂ ಹೇಳಿದ್ದಾನೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತೇವೆ:

೧೩೯ × ೧೦೯ = ೧೫೧೫೧
೧೫೨೨೦೭ × ೭೩ = ೧೧೧೧೧೧೧೧
೧೨೩೪೫೬೭೯ × ೯ = ೧೧೧೧೧೧೧೧೧
೧೪೨೮೫೭೧೪೩ × ೭ = ೧೦೦೦೦೦೦೦೦೧
೧೧೦೧೧೦೧೧ × ೯೧ = ೧೦೦೨೦೦೨೦೦೧
೩೩೩೩೩೩೬೬೬೬೬೭ × ೩೩ = ೧೧೦೦೦೦೧೧೦೦೦೦೧೧
೨೭೯೯೪೬೮೧ × ೪೪೧ = ೧೨೩೪೫೬೫೪೩೨೧

ಎಡಗಡೆಯ ಸಂಖ್ಯೆಗಳು ಬಿಡಿಹೂಗಳಂತೆ ಚೆದರಿಕೊಂಡಿವೆ. ಬಲಗಡೆಗೆ ಬಂದೊಡನೆ ಹಾರವಾಗಿ ಸೇರಿಕೊಳ್ಳುತ್ತವೆ. ಹೂವಿನ ಕೃಷಿಗೆ ಹೆಸರಾದ ಹೊಸೂರಿನವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಆದರೆ ಇದು ಕೇವಲ ವಿನೋದವಲ್ಲ. ಅಚ್ಚಿನ ಪುಸ್ತಕವಿಲ್ಲದ ಕಾಲದಲ್ಲಿ, ಮರಳಿನ ಮೇಲೆ ಲೆಕ್ಕ ಮಾಡಿ ಅಳಿಸುತ್ತಿದ್ದ ವಿದ್ಯಾರ್ಥಿಗೆ ತನ್ನ ಉತ್ತರವು ಸರಿಯೋ ತಪ್ಪೋ ತಿಳಿಯುವುದು ಹೇಗೆ? ಹಾರವು ಕೂಡಿಬಂದರೆ ಸರಿ, ಒಂದು ಮಣಿ ಎಡವಟ್ಟಾದರೆ ತಪ್ಪು. ಓಲೆಯನ್ನು ನಕಲು ಮಾಡುವ ಲಿಪಿಕಾರನು ಒಂದು ಅಂಕಿಯನ್ನು ಬಿಟ್ಟರೂ ಅದು ಓದುಗನ ಕಣ್ಣಿಗೆ ಒಡನೆಯೇ ಬೀಳುವುದು. ಉತ್ತರವೇ ತನ್ನ ಸಾಕ್ಷಿಯನ್ನು ತಾನು ಹೇಳುವಂತೆ ಲೆಕ್ಕವನ್ನು ಕಟ್ಟಿದ ಈ ಜಾಣ್ಮೆಯು ಒಬ್ಬ ನಿಜವಾದ ಉಪಾಧ್ಯಾಯನ ಜಾಣ್ಮೆಯೆಂದು ನಮಗೆ ತೋರುತ್ತದೆ.

ಈ ಹಾರಗಳ ಗುಟ್ಟೇನು? ನಮ್ಮ ಮುಖ್ಯ ಸಂಖ್ಯೆಯನ್ನೇ ತೆಗೆದುಕೊಳ್ಳೋಣ. ಆರು ಒಂದುಗಳನ್ನು ಸಾಲಾಗಿ ಬರೆದರೆ ೧೧೧೧೧೧. ಅದನ್ನು ಅದರಿಂದಲೇ ಗುಣಿಸಿ. ಪಾಠಶಾಲೆಯಲ್ಲಿ ಮಾಡುವಂತೆ ಒಂದರ ಕೆಳಗೊಂದು ಆರು ಸಾಲುಗಳನ್ನು, ಪ್ರತಿಸಲವೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆಯಬೇಕು. ಬಲತುದಿಯ ಕಂಬದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ಹೀಗೆಯೇ ಬೆಳೆದು ನಡುವಿನ ಕಂಬದಲ್ಲಿ ಆರು, ಅಲ್ಲಿಂದ ಮುಂದೆ ಐದು, ನಾಲ್ಕು, ಮೂರು, ಎರಡು, ಒಂದು. ಎಲ್ಲಿಯೂ ಹತ್ತಾಗದಿರುವುದರಿಂದ ದಶಕವನ್ನು ಮುಂದಕ್ಕೆ ಒಯ್ಯುವ ಪ್ರಸಂಗವೇ ಇಲ್ಲ. ಆದುದರಿಂದ ೧೧೧೧೧೧ರ ವರ್ಗವೇ ೧೨೩೪೫೬೫೪೩೨೧. ಒಂಬತ್ತು ಒಂದುಗಳವರೆಗೂ ಈ ಹಾರವು ಕೆಡದೆ ಬರುತ್ತದೆ. ಆಗ ದೊರೆಯುವುದು ೧೨೩೪೫೬೭೮೯೮೭೬೫೪೩೨೧. ಹತ್ತು ಒಂದುಗಳನ್ನು ಇಟ್ಟೊಡನೆ ನಡುವಿನಲ್ಲಿ ದಶಕವು ಉಕ್ಕಿ ದಾರವು ಹರಿಯುತ್ತದೆ.

ಇನ್ನು ೧೧೧೧೧೧ ಎಂಬುದು ೨೧ ಮತ್ತು ೫೨೯೧ರ ಗುಣಲಬ್ಧ. ಇಪ್ಪತ್ತೊಂದರ ವರ್ಗ ೪೪೧, ೫೨೯೧ರ ವರ್ಗ ೨೭೯೯೪೬೮೧. ಆಚಾರ್ಯನು ವಿದ್ಯಾರ್ಥಿಯ ಮುಂದಿಟ್ಟ ಎರಡು ಸಂಖ್ಯೆಗಳು ಇವೇ! ವರ್ಗವೆಂಬುದನ್ನು ಮರೆಮಾಡಿ, ಸಾಧಾರಣ ಗುಣಾಕಾರದ ವೇಷದಲ್ಲಿ ಅದನ್ನು ಮುಂದಿಟ್ಟಿದ್ದಾನೆ. ಮತ್ತೂ ಒಡೆದರೆ ೧೧೧೧೧೧ ಎಂಬುದು ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಆದಕಾರಣ ಅದರ ವರ್ಗದಲ್ಲಿ ಪ್ರತಿಯೊಂದು ಅವಿಭಾಜ್ಯವೂ ಎರಡೆರಡು ಸಲ ಬರುತ್ತದೆ. ಒಂದೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಹೀಗೆ ಐದು ಬಾರಿ ಮೂರನ್ನು ಗುಣಿಸಿದರೆ ೨೪೩. ಅಷ್ಟು ಸಂಖ್ಯೆಗಳಿಂದ ನಮ್ಮ ಮಹಾಸಂಖ್ಯೆಯು ನಿಶ್ಶೇಷವಾಗಿ ಭಾಗಿಸಲ್ಪಡುತ್ತದೆ. ಅದರ ಅಂಕಿಗಳನ್ನೆಲ್ಲ ಕೂಡಿದರೆ ಬರುವುದು ೩೬. ಅದೂ ಆರರ ವರ್ಗವೇ.

ಇತರ ಹಾರಗಳಲ್ಲಿಯೂ ಇಂತಹುದೇ ಸೊಗಸುಂಟು. ೧೨೩೪೫೬೭೯ರಲ್ಲಿ ಎಂಟು ಏಕೆ ಇಲ್ಲ? ಒಂಬತ್ತು ಒಂದುಗಳನ್ನು ಒಂಬತ್ತರಿಂದ ಭಾಗಿಸಿ ನೋಡಿ. ಹನ್ನೊಂದರಲ್ಲಿ ಒಂದು ಸಲ, ಶೇಷ ಎರಡು. ಇಪ್ಪತ್ತೊಂದರಲ್ಲಿ ಎರಡು ಸಲ, ಶೇಷ ಮೂರು. ಹೀಗೆ ಭಾಗಲಬ್ಧವೂ ಶೇಷವೂ ಒಂದೊಂದಾಗಿ ಏರುತ್ತವೆ. ಎಪ್ಪತ್ತೊಂದರಲ್ಲಿ ಏಳು ಸಲ, ಶೇಷ ಎಂಟು. ಮುಂದೆ ಎಂಬತ್ತೊಂದು ಬಂದೊಡನೆ ಅದು ಒಂಬತ್ತೊಂಬತ್ತಲೆಯಾಗಿ ಶೇಷವಿಲ್ಲದೆ ತೀರಿಹೋಗುತ್ತದೆ. ಎಂಟಕ್ಕೆ ಎಡೆಯೇ ದೊರೆಯುವುದಿಲ್ಲ. ಹಾಗೆಯೇ ೧೪೨೮೫೭ನ್ನು ಏಳರಿಂದ ಗುಣಿಸಿದರೆ ೯೯೯೯೯೯. ೧೪೩ನ್ನು ಏಳರಿಂದ ಗುಣಿಸಿದರೆ ೧೦೦೧. ಈ ಎರಡನ್ನೂ ತಕ್ಕ ಸ್ಥಾನಗಳಲ್ಲಿಟ್ಟು ಕೂಡಿದರೆ ಎರಡು ತುದಿಗಳಲ್ಲಿ ಒಂದೊಂದು, ನಡುವೆ ಎಂಟು ಸೊನ್ನೆಗಳು. ಮಕ್ಕಳು ಇವನ್ನು ಕಾಗದದ ಮೇಲೆ ತಾವೇ ಮಾಡಿ ನೋಡಬೇಕೆಂದು ನಮ್ಮ ಕೋರಿಕೆ. ಓದಿದ ಲೆಕ್ಕಕ್ಕಿಂತ ಮಾಡಿದ ಲೆಕ್ಕವೇ ಹಿತ.

ಇಷ್ಟು ಸೊಗಸಾದ ಗ್ರಂಥವು ನಮ್ಮ ಕೈಗೆ ಬಂದದ್ದು ಹೇಗೆ ಎಂಬುದೇ ಈ ಕಥೆಯ ಮುಖ್ಯಭಾಗ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಸರಕಾರದ ಪ್ರಾಚ್ಯ ಹಸ್ತಪ್ರತಿ ಭಂಡಾರದ ಮೇಲ್ವಿಚಾರಣೆಯನ್ನೂ ವಹಿಸಿಕೊಂಡಿದ್ದರು. ಭಾರತೀಯ ಗಣಿತದ ಇತಿಹಾಸಕ್ಕೆ ಬೆಳಕು ನೀಡುವ ಗ್ರಂಥವೇನಾದರೂ ಭಂಡಾರದಲ್ಲಿದ್ದರೆ ಹುಡುಕಿ ಪ್ರಕಟಿಸಬೇಕೆಂದು ವಿದ್ಯಾ ಇಲಾಖೆಯ ನಿರ್ದೇಶಕರಾಗಿದ್ದ ಜಿ. ಎಚ್. ಸ್ಟೂವರ್ಟರು ಅವರನ್ನು ಕೇಳಿಕೊಂಡರು. ಹುಡುಕಿದಾಗ 'ಗಣಿತಸಾರಸಂಗ್ರಹ'ದ ಮೂರು ಪ್ರತಿಗಳು ಸಿಕ್ಕಿದವು. ಆದರೆ ಮೂರೂ ಅಪೂರ್ಣ. ಅವುಗಳಲ್ಲಿ ಕನ್ನಡ ಲಿಪಿಯ ತಾಳೆಯೋಲೆಗಳಿದ್ದವು. ಪೂರ್ಣಪ್ರತಿಗಾಗಿ ವಿಚಾರಿಸಿದಾಗ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಿಂದ ಕನ್ನಡ ಲಿಪಿಯ ಒಂದು ಪ್ರತಿ ಬಂದಿತು. ಅದರಲ್ಲಿ ವಲ್ಲಭನೆಂಬುವನು ಬರೆದ ಕನ್ನಡ ಟಿಪ್ಪಣಿಯೂ ಇದ್ದಿತು. ಇನ್ನೊಂದು ಪೂರ್ಣಪ್ರತಿಯು ದಕ್ಷಿಣ ಕನ್ನಡದ ಮೂಡಬಿದಿರೆಯ ಬಸದಿಯಿಂದ ದೊರೆಯಿತು. ಅದೂ ಕನ್ನಡ ಲಿಪಿಯದೇ.

ಇವುಗಳನ್ನೆಲ್ಲ ಹೋಲಿಸಿ ನೋಡಿ, ಇಂಗ್ಲಿಷ್ ಅನುವಾದದೊಡನೆ ರಂಗಾಚಾರ್ಯರು ಸಿದ್ಧಪಡಿಸಿದ ಗ್ರಂಥವು ೧೯೧೨ರಲ್ಲಿ ಮದರಾಸಿನ ಸರಕಾರಿ ಮುದ್ರಣಾಲಯದಿಂದ ಹೊರಬಂದಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಯೂಜೀನ್ ಸ್ಮಿತ್ ಎಂಬ ಗಣಿತ ಇತಿಹಾಸಕಾರರು ಅದಕ್ಕೆ ಪೀಠಿಕೆಯನ್ನು ಬರೆದರು; ಅದಕ್ಕೆ ಮೊದಲೇ, ೧೯೦೮ರಲ್ಲಿ, ರೋಮ್ ನಗರದ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನದಲ್ಲಿ ಈ ಗ್ರಂಥದ ವಿಷಯವಾಗಿ ಅವರು ಮಾತನಾಡಿದ್ದರು. ೨೦೦೦ದಲ್ಲಿ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಪ್ರಕಟವಾಯಿತು.

ಇಲ್ಲಿ ಒಂದು ಮಾತನ್ನು ನಿಷ್ಪಕ್ಷಪಾತವಾಗಿ ಹೇಳಬೇಕು. ಗ್ರಂಥವು ಸಂಸ್ಕೃತದಲ್ಲಿದೆ, ಆಚಾರ್ಯನು ತನ್ನ ಊರನ್ನು ಹೇಳಿಕೊಂಡಿಲ್ಲ. ಇಲ್ಲದ ಹೆಮ್ಮೆಯನ್ನು ಹೊತ್ತುಕೊಳ್ಳುವುದರಿಂದ ಪ್ರಯೋಜನವಿಲ್ಲ. ಆದರೆ ಇರುವ ಹೆಮ್ಮೆಯೇ ಸಾಕಷ್ಟು ದೊಡ್ಡದು. ಹತ್ತು ಶತಮಾನಗಳ ಕಾಲ ಈ ಗ್ರಂಥವನ್ನು ಕನ್ನಡ ಅಕ್ಷರಗಳಲ್ಲಿ ಮತ್ತೆಮತ್ತೆ ನಕಲು ಮಾಡಿದ ಹೆಸರಿಲ್ಲದ ಲಿಪಿಕಾರರೂ, ಅದಕ್ಕೆ ಕನ್ನಡದಲ್ಲಿ ಅರ್ಥ ಬರೆದ ಉಪಾಧ್ಯಾಯರೂ ಇಲ್ಲದಿದ್ದರೆ ರಂಗಾಚಾರ್ಯರ ಕೈಗೆ ಪೂರ್ಣಗ್ರಂಥವೇ ಸಿಕ್ಕುತ್ತಿರಲಿಲ್ಲ. ಗೆದ್ದ ಅರಸರ ಕೋಟೆಗಳು ಹಾಳಾದವು. ನಕಲು ಮಾಡಿದವರ ಓಲೆಗಳು ಉಳಿದವು.

ಮಹಾವೀರಾಚಾರ್ಯನ ಹಾರಗಳು ಒಂದೇ ಭಾಷೆಯ ಸೊತ್ತಾಗಿ ಉಳಿಯಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗ್ರಂಥವನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮುಂತಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದು, ಲೆಕ್ಕವನ್ನು ತಾಯಿನುಡಿಯಲ್ಲಿ ಹೇಳಬಹುದೆಂದು ತೋರಿಸಿಕೊಟ್ಟನು. ತಮಿಳಿನಲ್ಲಿ 'ಕಣಕ್ಕದಿಕಾರಂ' ಎಂಬ ಗಣಿತಗ್ರಂಥವೂ 'ಎಣ್‌ಸುವಡಿ' ಎಂಬ ಮಗ್ಗಿಯ ಪುಸ್ತಕಗಳೂ ಪ್ರಸಿದ್ಧವಾದವು. ಮೂರು ನುಡಿಗಳು ಒಂದೇ ಸಂತೆಯಲ್ಲಿ ಕೇಳಿಬರುವ ಹೊಸೂರು ಕೃಷ್ಣಗಿರಿಗಳ ಜನರು ಇದನ್ನು ನೆನೆಯುವುದು ಉಚಿತ. ಏಳೆಂಟಲೆ ಐವತ್ತಾರು ಎಂಬುದು ಎಲ್ಲ ನುಡಿಗಳಲ್ಲಿಯೂ ಸತ್ಯವೇ. ಆದರೆ ಮಗುವಿನ ಬಾಯಿಗೆ ಅದು ಮೊದಲು ಬರುವುದು ತಾಯಿನುಡಿಯಲ್ಲಿ.

ಲೆಕ್ಕದ ಈ ಒಲವು ಈಚೆಗೂ ಬತ್ತಲಿಲ್ಲ. ೧೯೨೯ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾದೇವಿಯವರು ೧೯೮೦ರ ಜೂನ್ ೧೮ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ೭೬೮೬೩೬೯೭೭೪೮೭೦ ಎಂಬ ಸಂಖ್ಯೆಯನ್ನು ೨೪೬೫೦೯೯೭೪೫೭೭೯ರಿಂದ ಮನಸ್ಸಿನಲ್ಲಿಯೇ ಗುಣಿಸಿ, ೨೮ ಸೆಕೆಂಡುಗಳಲ್ಲಿ ಉತ್ತರವನ್ನು ಹೇಳಿದರು: ೧೮೯೪೭೬೬೮೧೭೭೯೯೫೪೨೬೪೬೨೭೭೩೭೩೦. ಇದರಲ್ಲಿ ಇಪ್ಪತ್ತಾರು ಅಂಕಿಗಳಿವೆ. ಮಹಾವೀರಾಚಾರ್ಯನು ಹೆಸರಿಟ್ಟ ಇಪ್ಪತ್ತನಾಲ್ಕು ಸ್ಥಾನಗಳನ್ನೂ ದಾಟಿ ಎರಡು ಹೆಜ್ಜೆ ಮುಂದೆ! ಉತ್ತರವನ್ನು ಪರೀಕ್ಷಿಸಲು ಮನೆಯಲ್ಲಿಯೇ ಒಂದು ಉಪಾಯವುಂಟು. ಪ್ರತಿ ಸಂಖ್ಯೆಯ ಅಂಕಿಗಳನ್ನು ಒಂದೇ ಅಂಕಿಯಾಗುವವರೆಗೆ ಕೂಡುತ್ತ ಹೋಗಿ. ಮೊದಲನೆಯದರಿಂದ ಆರು ಬರುತ್ತದೆ, ಎರಡನೆಯದರಿಂದ ಎರಡು. ಆರೆರಡಲೆ ಹನ್ನೆರಡು, ಅದರ ಅಂಕಿಗಳ ಮೊತ್ತ ಮೂರು. ಉತ್ತರದ ಅಂಕಿಗಳಿಂದಲೂ ಮೂರೇ ಬರುತ್ತದೆ. ಮೊತ್ತವು ಹೊಂದದಿದ್ದರೆ ಉತ್ತರವು ತಪ್ಪೆಂಬುದು ನಿಶ್ಚಯ. ಹೊಂದಿದ ಮಾತ್ರಕ್ಕೆ ಸರಿಯೆಂಬುದು ಮಾತ್ರ ಪೂರ್ಣನಿಶ್ಚಯವಲ್ಲ.

ಒಂದುಗಳನ್ನೇ ಪೋಣಿಸಿದ ಹಾರಗಳು ಇಂದಿಗೂ ಗಣಿತಜ್ಞರನ್ನು ಕಾಡುತ್ತಿವೆ. ಎರಡು ಒಂದುಗಳ ೧೧ ಅವಿಭಾಜ್ಯ. ಅದರ ನಂತರ ಹತ್ತೊಂಬತ್ತು ಒಂದುಗಳ ಸಂಖ್ಯೆ, ಇಪ್ಪತ್ತಮೂರು ಒಂದುಗಳ ಸಂಖ್ಯೆ, ಆಮೇಲೆ ೩೧೭ ಹಾಗೂ ೧೦೩೧ ಒಂದುಗಳ ಸಂಖ್ಯೆಗಳು ಅವಿಭಾಜ್ಯಗಳು. ಇಂತಹವು ಕೊನೆಯಿಲ್ಲದೆ ದೊರೆಯುತ್ತವೆಯೇ ಎಂಬ ಪ್ರಶ್ನೆಗೆ ಗಣಕಯಂತ್ರಗಳ ಈ ಯುಗದಲ್ಲಿಯೂ ಜಗತ್ತಿನ ಯಾರೂ ಉತ್ತರವನ್ನು ಸಾಧಿಸಿಲ್ಲ. ಆ ಉತ್ತರವು ನಮ್ಮ ಸೀಮೆಯ ಯಾವುದಾದರೂ ಹಳ್ಳಿಯ ಮಗುವಿಗಾಗಿ ಕಾದಿರಬಾರದೇಕೆ?

ಆ ಮಗುವಿಗೆ ನಾವು ಏನನ್ನು ಕೊಡುತ್ತಿದ್ದೇವೆ ಎಂಬುದೇ ಈಗಿನ ಪ್ರಶ್ನೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಸೇಲಂ ಜಿಲ್ಲೆಯ ಭಾಗವಾಗಿಯೇ ಮದರಾಸು ರಾಜ್ಯದಲ್ಲಿ ಉಳಿಯಿತು. ೧೯೬೫ರಲ್ಲಿ ಧರ್ಮಪುರಿ ಜಿಲ್ಲೆಗೆ, ೨೦೦೪ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಎಲ್ಲೆಗಳು ಹೀಗೆ ಬದಲಾದರೂ ಮನೆಮಾತು ಬದಲಾಗಲಿಲ್ಲ. ೨೦೦೬ರ ತಮಿಳು ಕಲಿಕೆಯ ಕಾಯಿದೆಯ ತರುವಾಯ ಕನ್ನಡ ಮಾಧ್ಯಮದ ಮಕ್ಕಳ ಮೇಲೆ ಭಾಷೆಗಳ ಹೊರೆಯು ಹೆಚ್ಚಿದೆ. ನೆರೆಯವರ ನುಡಿಯನ್ನು ಕಲಿಯುವುದು ಒಳ್ಳೆಯದೇ, ಅದರಲ್ಲಿ ವಿವಾದವಿಲ್ಲ. ಆದರೆ ಕಲಿಯುವ ಅವಸರದಲ್ಲಿ ಇದ್ದುದನ್ನು ಕಳೆದುಕೊಳ್ಳಬಾರದು. ಬಸ್ಸಿನ ಫಲಕ, ಗಡಿಯಾರ, ದೂರವಾಣಿ ಎಲ್ಲೆಡೆಯೂ ಅಂತರರಾಷ್ಟ್ರೀಯ ಅಂಕಿಗಳೇ ತುಂಬಿರುವಾಗ, ೪ಕ್ಕೂ ೫ಕ್ಕೂ ಭೇದವನ್ನು ತಡವರಿಸದೆ ಹೇಳಬಲ್ಲ ಮಕ್ಕಳು ನಮ್ಮ ಮನೆಗಳಲ್ಲಿ ಎಷ್ಟಿದ್ದಾರೆ? ಕಾಲು, ಅರೆಕಾಲು, ವೀಸಗಳ ಮಗ್ಗಿಯನ್ನು ಕೂಲಿಮಠದ ಐಗಳಿಂದ ಕಲಿತ ತಲೆಮಾರು ಕಣ್ಮರೆಯಾಗುತ್ತಿದೆ. ಹಿಂದಿನ ಕರಣಿಕರ ಪದವಿಗಳು ೧೯೮೦ರಲ್ಲಿ ರದ್ದಾದವು. ಅವರ ಮನೆತನಗಳ ಅಟ್ಟದ ಮೇಲಿರುವ ಲೆಕ್ಕದ ಕಡತಗಳನ್ನೂ ಓಲೆಗಳನ್ನೂ ಗೆದ್ದಲು ಓದುವ ಮೊದಲು ನಾವು ಓದಬೇಡವೇ?

ಆದುದರಿಂದ ನಮ್ಮ ಬಂಧುಗಳಲ್ಲಿ ಎರಡು ವಿನಂತಿಗಳನ್ನು ಮಾಡುತ್ತೇವೆ. ಪ್ರತಿ ಸಂಜೆಯೂ ದೀಪ ಹಚ್ಚಿದ ಮೇಲೆ ಮಕ್ಕಳಿಂದ ಕನ್ನಡದಲ್ಲಿ ಮಗ್ಗಿ ಹೇಳಿಸಿರಿ. ಕನ್ನಡ ಅಂಕಿಗಳಲ್ಲಿ ಒಂದಾದರೂ ಲೆಕ್ಕ ಬರೆಯಿಸಿರಿ. ಮನೆಯಲ್ಲಿ ಹಳೆಯ ಓಲೆ, ಕಡತ, ಲೆಕ್ಕದ ಪುಸ್ತಕಗಳಿದ್ದರೆ ಅವನ್ನು ರದ್ದಿಗೆ ಹಾಕದೆ ಸಂಘಕ್ಕೆ ತಿಳಿಸಿರಿ. ಓದಬಲ್ಲವರಿಂದ ಓದಿಸಿ ಪ್ರತಿ ಮಾಡಿಸೋಣ. ಮೂಡಬಿದಿರೆಯ ಬಸದಿಯಲ್ಲಿ ಒಂದು ಕಟ್ಟು ಓಲೆ ಉಳಿಯದೆ ಹೋಗಿದ್ದರೆ ಎಷ್ಟು ನಷ್ಟವಾಗುತ್ತಿತ್ತೆಂಬುದನ್ನು ಮೇಲೆ ಕಂಡಿದ್ದೇವೆ. ಕೊರಳಹಾರದಲ್ಲಿ ಯಾವ ಮಣಿಯೂ ಚಿಕ್ಕದಲ್ಲ. ಒಂದು ಜಾರಿದರೆ ಉಳಿದವೂ ಜಾರುತ್ತವೆ. ಗಡಿನಾಡಿನ ಕನ್ನಡದ ಮನೆಗಳೂ ಅಂತಹ ಮಣಿಗಳೇ. ಅವನ್ನು ಪೋಣಿಸಿ ಹಿಡಿಯುವ ದಾರವಾಗಿ ನಮ್ಮ ಸಂಘವು ಬಹುಕಾಲ ಬಾಳಲಿ ಎಂದು ಹಾರೈಸುತ್ತೇವೆ.